ಮಳೆಗಾಲಕ್ಕೆ ಹಿಂಡಿ ಕೂಡಿಡುವಾಗ

ಮಿರಗ (ಮೃಗಶಿರಾ ಮಳೆ) ಹಿಡಿಯುವ ಮೊದಲೇ ಮೂರು ತಿಂಗಳ ಹಿಂಡಿ ತಂದು ಗೋಡೆಗೆ ಒತ್ತಿ ಒಟ್ಟುವುದು ನಮ್ಮ ಹಾವೇರಿ ಕಡೆ ಬಹಳ ಮನೆಗಳ ರೂಢಿ. ಶ್ರಾವಣದ ಹೊತ್ತಿಗೆ ತಳದ ಚೀಲ ಗಂಟುಗಟ್ಟಿ ಬೂಷ್ಟು ಹಿಡಿದಿರುತ್ತದೆ. ಎಮ್ಮೆ ಮೂಸಿ ಮುಖ ತಿರುಗಿಸಿದರೂ ‘ಹಸಿವಾದ್ರ ತಿಂತೈತಿ’ ಎಂದು ಅದನ್ನೇ ಗ್ವಾದಲಿಗೆ ಸುರಿಯುವವರನ್ನು ಕಂಡಿದ್ದೇನೆ.

ಮೊದಲು ಕೊಳ್ಳುವ ಲೆಕ್ಕ. ಮಳೆಗಾಲದಲ್ಲಿ ಒಂದು ತಿಂಗಳಿಗಾಗುವಷ್ಟೇ ತನ್ನಿ, ದರ ಎಷ್ಟೇ ಇಳಿದಿರಲಿ. ತಯಾರಿಕೆಯ ತಾರೀಖಿಲ್ಲದ ಚೀಲ ಬೇಡ. ಎಣ್ಣೆ ತೆಗೆಯದ ಅಕ್ಕಿ ತೌಡು ಕೆಲವೇ ದಿನಗಳಲ್ಲಿ ಕಮಟುತ್ತದೆ, ಅದನ್ನು ಕೂಡಿಡಲೇಬಾರದು.

ಮನೆಯ ಗೋವಿನಜೋಳವನ್ನು ಕಾಳಾಗಿಯೇ ಇಟ್ಟು, ಹದಿನೈದು ದಿನಕ್ಕೊಮ್ಮೆ ಗಿರಣಿಗೆ ಒಯ್ಯಿರಿ. ಒಡೆದ ಕಾಳಿಗೆ ತೇವ, ನುಸಿ ಬೇಗ ತಗಲುತ್ತವೆ. ಒಣಗಿದೆಯೋ ಇಲ್ಲವೋ ನೋಡಲು ಒಣ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಒಣ ಉಪ್ಪಿನ ಪುಡಿ ಹಾಕಿ ಚೆನ್ನಾಗಿ ಅಲುಗಿಸಿ, ಕಾಲು ತಾಸು ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವ ಶೇ 15ಕ್ಕಿಂತ ಹೆಚ್ಚಿದೆ. ಮೆತ್ತದಿದ್ದರೂ ಇನ್ನೊಂದು ಬಿಸಿಲು ಕೊಡಿ. ತಿಂಗಳುಗಟ್ಟಲೆ ಇಡುವ ಕಾಳು ಶೇ 12ರ ಆಸುಪಾಸು ಇರಬೇಕು.

ಎಲ್ಲರೂ ಎಡವುವುದು ಚೀಲ ಒಟ್ಟುವಲ್ಲಿ. ಪರಸಿ ನೆಲ ಮಳೆಗಾಲದಲ್ಲಿ ಬೆವರುತ್ತದೆ. ತಾಡಪತ್ರಿ ಹಾಸಿದರೆ ಸಾಲದು, ಅದರ ಮೇಲೆಯೇ ತೇವ ನಿಲ್ಲುತ್ತದೆ. ಇಟ್ಟಿಗೆ ಇಟ್ಟು, ಮೇಲೆ ಹಲಗೆ ಜೋಡಿಸಿ, ನೆಲದಿಂದ ಅರ್ಧ ಅಡಿ ಎತ್ತರಿಸಿ. ಕೆಳಗೆ ಗಾಳಿ ಆಡಬೇಕು. ಗೋಡೆಯಿಂದ ಒಂದೂವರೆ ಅಡಿ ಬಿಟ್ಟರೆ ಹಿಂದೆ ಇಲಿ ಬಿಲ ಬಿದ್ದದ್ದೂ ಕಾಣುತ್ತದೆ. ತಗಡಿನ ಮಾಡಿದ್ದಲ್ಲಿ ಇನ್ನೊಂದು ತೊಂದರೆ: ಹಗಲ ಕಾವಿಗೆ ಎದ್ದ ಹಬೆ ರಾತ್ರಿ ತಗಡಿನಡಿ ಹನಿಗಟ್ಟಿ ಮೇಲಿನ ಚೀಲಕ್ಕೆ ತೊಟ್ಟಿಕ್ಕುತ್ತದೆ. ಮಾಡು ಸೋರದಿದ್ದರೂ ಚೀಲ ತೊಯ್ಯುವುದು ಹೀಗೆ. ಮೇಲೆ ಖಾಲಿ ಗೋಣಿ ಹಾಸಿ, ವಾರಕ್ಕೊಮ್ಮೆ ಅದನ್ನು ಬದಲಿಸಿ. ಪ್ಲಾಸ್ಟಿಕ್ ಹೊದಿಸಿ ಬಿಗಿಯಬೇಡಿ. ಗೊಬ್ಬರದ ಖಾಲಿ ಚೀಲಕ್ಕೆ ಹಿಂಡಿ ತುಂಬುವುದನ್ನಂತೂ ಬಿಟ್ಟೇಬಿಡಿ, ಉಳಿದ ಯೂರಿಯಾ ದನದ ಜೀವಕ್ಕೇ ಕುತ್ತು.

ತಂದ ದಿನವನ್ನು ಚೀಲದ ಮೇಲೆ ಬರೆದು, ಹಳೆಯದನ್ನು ಮೊದಲು ಬಿಚ್ಚಿ.

ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹರವಿ, ಒಳ್ಳೆಯದರೊಡನೆ ಬೆರೆಸಿ ತಿನ್ನಿಸಿ ಎನ್ನುವವರಿದ್ದಾರೆ. ಕೇಳಬೇಡಿ. ಬೂಷ್ಟು ಉದುರೀತು, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ವಿಷ ಉಳಿಯುತ್ತದೆ. ದನದ ಪಿತ್ತಜನಕಾಂಗ ಕೆಡಿಸಿ, ಹಾಲಿಗೂ ಇಳಿಯುತ್ತದೆ. ಹಾಲು ಕುದಿಸಿದರೂ ಹೋಗದು. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಗೋವಿನಜೋಳ ಮೂರಕ್ಕೂ ಇದರ ಕಾಟ ಹೆಚ್ಚು. ಅಂಥ ಚೀಲವನ್ನು ತಿಪ್ಪೆಗೂ ಚೆಲ್ಲಬೇಡಿ, ಕೋಳಿಗಳು ಕೆದರಿ ತಿಂದಾವು. ಆಳದ ಗುಂಡಿ ತೋಡಿ ಹೂಳಿಬಿಡಿ.