ಮರಗೆಣಸಿನ ಹುಡಿಯಿಂದ ಸಸಿ ತೊಟ್ಟೆ: ಬೆರಕೆ ಹೇಗೆ ಕೂಡುತ್ತದೆ?

ಅಡಿಕೆ ಬುಡ ಬಿಡಿಸುವಾಗ ಗುದ್ದಲಿಗೆ ಹಳೆಯ ಸಸಿ ತೊಟ್ಟೆಯ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲದ) ಚೂರು ಸಿಕ್ಕದ ತೋಟ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಪರೂಪ. ಇದಕ್ಕೆ ಬದಲಾಗಿ ಮಣ್ಣಿನಲ್ಲಿ ಕೊಳೆಯುವ ತೊಟ್ಟೆ ಬೇಕು ಎಂಬ ಮಾತಿದೆ. ಮರಗೆಣಸಿನ ಪಿಷ್ಟವನ್ನು ಪ್ಲಾಸ್ಟಿಕ್ಕಿಗೆ ಸೇರಿಸಿ ತೊಟ್ಟೆ ಮಾಡಬಹುದು ಎಂಬುದು ನಿಜ. ಆದರೆ ಯಾವ ಪ್ಲಾಸ್ಟಿಕ್ಕಿಗೆ ಸೇರಿಸಿದ್ದಾರೆ ಎಂದು ಕೇಳಿಯೇ ಕೊಳ್ಳಬೇಕು.

ಮೊದಲು ಹುಡಿ, ಅಂದರೆ ಪಿಷ್ಟ. ಕೂವೆ ಹುಡಿ ಮಾಡಿ ಗೊತ್ತಿದ್ದವರಿಗೆ ಹೇಳಿಕೊಡಬೇಕಿಲ್ಲ. ಗೆಣಸಿನ ಸಿಪ್ಪೆ ತೆಗೆದು ತುರಿದು, ನೀರು ಹಾಕಿ ಹಿಂಡಿ, ಬಟ್ಟೆಯಲ್ಲಿ ಸೋಸಿ. ಅಡಿಯಲ್ಲಿ ಕೂತ ಬಿಳಿಯನ್ನು ಎರಡು ಮೂರು ಸಲ ನೀರು ಬದಲಿಸಿ ಒಣಗಿಸಿ. ಒಣಗಿದಂತೆ ಕಂಡರೂ ಹುಡಿಯಲ್ಲಿ ನೂರಕ್ಕೆ ಸುಮಾರು 12 ಪಾಲು ನೀರು ಉಳಿದಿರುತ್ತದೆ.

ಮುಂದಿನದು, ಈ ಹುಡಿಯನ್ನು ಬಗ್ಗುವ ವಸ್ತುವಾಗಿಸುವುದು. ಪಿಷ್ಟ ಪ್ಲಾಸ್ಟಿಕ್ಕಿನ ಹಾಗೆ ಕರಗುವುದಿಲ್ಲ. ಬರೀ ಹುಡಿಯನ್ನು ಕಾಯಿಸಿದರೆ ಕರಗುವ ಮೊದಲೇ ಕರಟುತ್ತದೆ. ಅದರ ಕಣದೊಳಗೆ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಉದ್ದ ಸರಪಳಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ಆ ಹಿಡಿತದ ನಡುವೆ ನೀರು, ಗ್ಲಿಸರಿನ್ ನುಗ್ಗಬೇಕು. ಮನೆಯಲ್ಲೇ ನೋಡಿ: 10 ಗ್ರಾಂ ಹುಡಿ, 100 ಮಿ.ಲೀ. ನೀರು, ಮೆಡಿಕಲ್ ಅಂಗಡಿಯ ಗ್ಲಿಸರಿನ್ 3 ಮಿ.ಲೀ. ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ. ಬಿಸಿ 65–70 ಡಿಗ್ರಿ ದಾಟುತ್ತಿದ್ದಂತೆ ಹಾಲಿನಂತಿದ್ದದ್ದು ಕೂವೆ ಮಣ್ಣಿಯ ಹಾಗೆ ಹೊಳಪು ಬಂದು ದಪ್ಪಗಾಗುತ್ತದೆ. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಎರಡು ದಿನ ಒಣಗಿಸಿದರೆ ಹಪ್ಪಳದಂತೆ ಮುರಿಯದೆ ಬಗ್ಗುವ ಹಾಳೆ ಏಳುತ್ತದೆ. ಗ್ಲಿಸರಿನ್ ಕಡಿಮೆಯಾದರೆ ಹಾಳೆ ಒಡೆಯುತ್ತದೆ, ಹೆಚ್ಚಾದರೆ ಕೈಗೆ ಅಂಟುತ್ತದೆ.

ಆ ಹಾಳೆಯನ್ನು ಒಂದು ರಾತ್ರಿ ನೀರಿನಲ್ಲಿಡಿ. ಮೆತ್ತಗಾಗಿ ಮುಟ್ಟಿದಲ್ಲಿ ಹರಿಯುತ್ತದೆ. ವರ್ಷಕ್ಕೆ 3000 ಮಿ.ಮೀ. ದಾಟುವ ಕಾಸರಗೋಡಿನ ಮಳೆಗೆ ಬರೀ ಪಿಷ್ಟ ತಾಳದು. ಪ್ಲಾಸ್ಟಿಕ್ ಬೇಕಾಗುವುದು ಇದಕ್ಕೇ.

ಮನೆಯ ಕೆಲಸ ಇಲ್ಲಿಗೆ ನಿಲ್ಲಲಿ. ಪ್ಲಾಸ್ಟಿಕ್ಕನ್ನು ಒಲೆಯಲ್ಲಿ ಕರಗಿಸಲು ದಯವಿಟ್ಟು ಹೋಗಬೇಡಿ. ಹೊಗೆ ಶ್ವಾಸಕೋಶಕ್ಕೆ ಕೆಟ್ಟದು, ಬೆರಕೆಯೂ ಕೂಡುವುದಿಲ್ಲ.

ಕಾರ್ಖಾನೆಯಲ್ಲಿ ಇದಕ್ಕೆ ಜೋಡಿ ತಿರುಪಿನ ಎಕ್ಸ್‌ಟ್ರೂಡರ್, ಅಂದರೆ ಬಿಸಿಯಲ್ಲಿ ಅರೆದು ಮುಂದಕ್ಕೆ ತಳ್ಳುವ ಯಂತ್ರ, ಇರುತ್ತದೆ. 100 ಕೆ.ಜಿ. ಹುಡಿಗೆ 30 ಕೆ.ಜಿ.ಯಷ್ಟು ಗ್ಲಿಸರಿನ್ ಕಲಸಿ, ಹೀರಿಕೊಳ್ಳಲು ಬಿಟ್ಟು, 120ರಿಂದ 150 ಡಿಗ್ರಿಯಲ್ಲಿ ಅರೆಯುತ್ತಾರೆ. ಕಣ ಒಡೆದು ಹುಡಿ ಹರಿಯುವ ಪಾಕವಾಗುತ್ತದೆ. ನಡುವೆ ಆವಿ ಹೋಗಲು ಕಿಂಡಿ ಇರಲೇಬೇಕು. ಮೊದಲು ಹೇಳಿದ ನೀರು ಒಳಗೇ ಉಳಿದರೆ ಗುಳ್ಳೆ ಎದ್ದು ತೊಟ್ಟೆಯಲ್ಲಿ ತೂತು ಬೀಳುತ್ತದೆ.

ಈಗ ಕಷ್ಟದ ಹಂತ. ತೊಟ್ಟೆಯ ಪಾಲಿಥೀನ್ ಸುಮಾರು 110 ಡಿಗ್ರಿಗೆ ಕರಗುವುದರಿಂದ ಬಿಸಿಯ ಲೆಕ್ಕ ಹೊಂದುತ್ತದೆ. ಗುಣ ಹೊಂದುವುದಿಲ್ಲ. ಪಿಷ್ಟಕ್ಕೆ ನೀರೆಂದರೆ ಇಷ್ಟ, ಪಾಲಿಥೀನ್ ಎಣ್ಣೆಯ ಕುಲದ್ದು. ಸುಮ್ಮನೆ ಬೆರೆಸಿದರೆ ಪಿಷ್ಟ ಗಂಟುಗಂಟಾಗಿ ಉಳಿದು, ಎಳೆದಾಗ ಅಲ್ಲೇ ಹರಿಯುತ್ತದೆ. ಎಣ್ಣೆ ಪಾತ್ರೆಗೆ ಸಾಬೂನು ಬೇಕಾದಂತೆ ಇಲ್ಲಿಯೂ ನಡುವೆ ಒಂದು ಕೊಂಡಿ ಬೇಕು. ಮಾಲೆಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಅಂಟಿಸಿದ ಪಾಲಿಥೀನನ್ನು ಸ್ವಲ್ಪ ಸೇರಿಸಿದರೆ ಅದರ ಒಂದು ಭಾಗ ಪ್ಲಾಸ್ಟಿಕ್ಕಿನಲ್ಲಿ ಬೆರೆಯುತ್ತದೆ, ಇನ್ನೊಂದು ಪಿಷ್ಟವನ್ನು ಹಿಡಿಯುತ್ತದೆ. ಅಮೆರಿಕದ ಪಿಯೋರಿಯಾದಲ್ಲಿ ಫೆಲಿಕ್ಸ್ ಓಟಿ ಎಂಬ ಸಂಶೋಧಕರು 1970ರ ದಶಕದಲ್ಲಿ ಎಥಿಲೀನ್–ಅಕ್ರಿಲಿಕ್ ಆಮ್ಲದ ಪಾಲಿಮರ್ ಎಂಬ ಪ್ಲಾಸ್ಟಿಕ್ಕನ್ನು ಪಿಷ್ಟದೊಂದಿಗೆ ಬೆರೆಸಿ ಹಾಳೆ ಮಾಡಿದ್ದರು. ತಿರುವನಂತಪುರದ ಶ್ರೀಕಾರ್ಯದಲ್ಲಿರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲೂ ಮರಗೆಣಸಿನ ಪಿಷ್ಟ ಹಾಕಿದ ಪ್ಲಾಸ್ಟಿಕ್ಕಿನ ಕೆಲಸ ನಡೆದಿದೆ.

ನನಗೆ ಆತಂಕ ಇರುವುದು ಇದರ ಮುಂದಿನ ಕಥೆಯಲ್ಲಿ. ಪಾಲಿಥೀನ್ ಬೆರಕೆಯ ತೊಟ್ಟೆ ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಪಿಷ್ಟವನ್ನಷ್ಟೇ ತಿನ್ನುತ್ತವೆ. ಪಾಲಿಥೀನ್ ಪುಡಿಪುಡಿಯಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಹಳೆಯ ತೊಟ್ಟೆಯನ್ನಾದರೂ ಹೆಕ್ಕಬಹುದಿತ್ತು, ಇದನ್ನು ಹೆಕ್ಕಲಾಗದು. ಅದರ ಬದಲು ಪಿಬಿಎಟಿ ಎಂಬ, ಜೀವಿಗಳು ಕೊಳೆಸಬಲ್ಲ ಪ್ಲಾಸ್ಟಿಕ್ಕಿಗೆ ಪಿಷ್ಟ ಬೆರೆಸಿದರೆ ಎರಡೂ ಕೊಳೆಯುತ್ತವೆ. ಆದರೆ ಹಾಗೆ ಕೊಳೆಯುತ್ತದೆಯೇ ಎಂದು ನೋಡುವ ಕಾಂಪೋಸ್ಟ್ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯಲ್ಲಿ. ತೋಟದ ತಂಪು ಮಣ್ಣಿನಲ್ಲಿ ನಿಧಾನ.

ಕೊಳ್ಳುವಾಗ ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಹಾಕಿ ನೋಡಿ. ಕಡುನೀಲಿಯಾದರೆ ಪಿಷ್ಟ ಇದೆ, ಅಷ್ಟೇ. ಉಳಿದದ್ದು ಯಾವ ಪ್ಲಾಸ್ಟಿಕ್ ಎಂದು ಆ ಹನಿ ಹೇಳದು. ಅದಕ್ಕೆ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿನ ಮಾನದಂಡವಾದ ಐಎಸ್/ಐಎಸ್‌ಒ 17088 ಗುರುತನ್ನೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವನ್ನೂ ಕೇಳಿ. ತಿಂಗಳೊಳಗೆ ನೆಡುವ ಬದನೆ, ಮೆಣಸಿನ ಸಸಿಗೆ ಇಂತಹ ತೊಟ್ಟೆ ಸಾಕು. ಅಡಿಕೆ ಸಸಿ ವರ್ಷದ ಹತ್ತಿರ ತೊಟ್ಟೆಯಲ್ಲೇ ಇರುತ್ತದೆ. ಅದಕ್ಕೆ ಇದನ್ನು ನಂಬಬೇಡಿ. ಮಳೆಗಾಲಕ್ಕೆ ಮುಂಚೆ ಕಟ್ಟುಗಟ್ಟಲೆ ತಂದು ಕೊಟ್ಟಿಗೆಯಲ್ಲಿ ಇಡಲೂ ಬೇಡಿ, ಬೂಸ್ಟು ಹಿಡಿಯುತ್ತದೆ.