‘ಎಷ್ಟೋ ವಿಜ್ಞಾನಿಗಳು ವಿಕಾಸವನ್ನು ಒಪ್ಪುವುದಿಲ್ಲ’ ಎಂಬ ಮಾತನ್ನು ತರಗತಿಯಲ್ಲಿ ಪರೀಕ್ಷಿಸುವ ಬಗೆ

ಮೈಸೂರು, ಮಂಡ್ಯ ಜಿಲ್ಲೆಗಳ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳಲ್ಲಿ ಜೀವಶಾಸ್ತ್ರ ಕಲಿಸುವವರಿಗೆ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸರ್, ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಡಾರ್ವಿನ್ ಹೇಳಿದ್ದು ತಪ್ಪು ಅಂತ ಸಹಿ ಹಾಕಿದ್ದಾರಂತೆ, ಹೌದಾ?” ಎಂದು ಕೇಳುವ ಸಂದರ್ಭ ಬರಬಹುದು. ಮೊಬೈಲಿನಲ್ಲಿ ಬಂದ ಸಂದೇಶ ಎಂದು ಅದನ್ನು ತಳ್ಳಿಹಾಕಬಾರದು. ಒಂದು ಪೂರ್ಣ ಪೀರಿಯಡ್ಡನ್ನು ಅದಕ್ಕೆ ಕೊಡುವುದು ಸಾರ್ಥಕ. ವಿಜ್ಞಾನಿಗಳ ಅಭಿಪ್ರಾಯವನ್ನು ಎಣಿಸುವುದು ಹೇಗೆ, ಆ ಅಭಿಪ್ರಾಯ ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ನೋಡುವುದು ಹೇಗೆ ಎಂಬ ಎರಡನ್ನೂ ಆ ಪೀರಿಯಡ್ಡಿನಲ್ಲಿ ಕಲಿಸಬಹುದು.

ಮೊದಲು ಕಪ್ಪುಹಲಗೆಯ ಮೇಲೆ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಬರೆಯಿರಿ: ಭೂಮಿಯ ವಯಸ್ಸೆಷ್ಟು? ಎಲ್ಲ ಜೀವಿಗಳಿಗೂ ಸಮಾನ ಪೂರ್ವಜರಿದ್ದಾರೆಯೇ? ಜೀವಿಗಳು ಬದಲಾಗುವುದು ಯಾವ ಕಾರಣಗಳಿಂದ? ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಬಹುಪಾಲು ಗೊಂದಲ ಹುಟ್ಟುತ್ತದೆ. ಬೈಬಲ್ಲಿನ ಆದಿಕಾಂಡವನ್ನು ಅಕ್ಷರಶಃ ಓದಿ, ಭೂಮಿಗೆ ಆರರಿಂದ ಹತ್ತು ಸಾವಿರ ವರ್ಷಗಳಷ್ಟೇ ಆಗಿವೆ ಎನ್ನುವ ಸೃಷ್ಟಿವಾದವು ಮೊದಲ ಎರಡು ಪ್ರಶ್ನೆಗಳಲ್ಲಿಯೇ ವಿಜ್ಞಾನದಿಂದ ಬೇರೆಯಾಗುತ್ತದೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ. ಆದರೆ ಡಾರ್ವಿನ್ನರ ವಿವರಣೆಯನ್ನು ಟೀಕಿಸುವ ಎಲ್ಲರೂ ಈ ಪಂಥದವರಲ್ಲ. ಜೀವದ ಸಂಕೀರ್ಣತೆಯ ಹಿಂದೆ ಬುದ್ಧಿಯುಳ್ಳ ಕರ್ತೃವೊಬ್ಬನಿದ್ದಾನೆ ಎನ್ನುವ ‘ಬುದ್ಧಿವಂತ ವಿನ್ಯಾಸ’ದ ಪ್ರತಿಪಾದಕರಲ್ಲಿ ಪ್ರಮುಖರಾದ ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಭೂಮಿಯ ದೀರ್ಘ ವಯಸ್ಸನ್ನೂ ಸಮಾನ ಪೂರ್ವಜರ ವಿಚಾರವನ್ನೂ ಒಪ್ಪುತ್ತಾರೆ, ಅವರ ತಕರಾರು ಇರುವುದು ಮೂರನೆಯ ಪ್ರಶ್ನೆಯಲ್ಲಿ ಮಾತ್ರ.

ಇನ್ನು ಸಹಿಗಳ ಪಟ್ಟಿಗೆ ಬನ್ನಿ. ‘ಬುದ್ಧಿವಂತ ವಿನ್ಯಾಸ’ವನ್ನು ಪ್ರತಿಪಾದಿಸುವ ಅಮೆರಿಕದ ಡಿಸ್ಕವರಿ ಇನ್‌ಸ್ಟಿಟ್ಯೂಟ್ 2001ರಲ್ಲಿ ಸುಮಾರು ನೂರು ಸಹಿಗಳೊಡನೆ ಪ್ರಕಟಿಸಿದ ಹೇಳಿಕೆಗೆ ಮುಂದೆ ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದು ನಿಜ. ವಿದ್ಯಾರ್ಥಿಗೆ “ಅದು ಸುಳ್ಳು” ಎನ್ನಬೇಡಿ. ಅದರಲ್ಲಿ ಬರೆದಿರುವುದೇನು ಎಂದು ಕೇಳಿ. ಯಾದೃಚ್ಛಿಕ ಉತ್ಪರಿವರ್ತನೆ (ಡಿಎನ್‌ಎಯಲ್ಲಿ ಆಕಸ್ಮಿಕವಾಗಿ ಆಗುವ ಬದಲಾವಣೆ) ಮತ್ತು ನಿಸರ್ಗದ ಆಯ್ಕೆಗಳೇ ಜೀವದ ಸಂಕೀರ್ಣತೆಯನ್ನು ವಿವರಿಸಬಲ್ಲವು ಎಂಬುದರ ಬಗ್ಗೆ ತಮಗೆ ಸಂಶಯವಿದೆ, ಸಾಕ್ಷ್ಯವನ್ನು ಎಚ್ಚರಿಕೆಯಿಂದ ಪರಿಶೀಲಿಸಬೇಕು ಎಂಬಷ್ಟೇ ಅದರ ಸಾರ. ಭೂಮಿ ಎಳೆಯದು ಎಂದಾಗಲಿ, ಸಮಾನ ಪೂರ್ವಜರಿಲ್ಲ ಎಂದಾಗಲಿ ಅದು ಹೇಳುವುದಿಲ್ಲ. ಹಲಗೆಯ ಮೇಲಿನ ಮೂರು ಪ್ರಶ್ನೆಗಳಲ್ಲಿ ಇದು ಯಾವುದಕ್ಕೆ ಸೇರುತ್ತದೆ ಎಂಬುದನ್ನು ಮಕ್ಕಳೇ ಗುರುತಿಸಲಿ.

ಬಳಿಕ, ಸಾವಿರ ಎನ್ನುವುದು ಎಷ್ಟರಲ್ಲಿ ಸಾವಿರ ಎಂದು ಕೇಳಿಸಿ. ಇಂಥ ಪಟ್ಟಿಗಳಿಗೆ ಉತ್ತರವಾಗಿ ಅಮೆರಿಕದ ವಿಜ್ಞಾನ ಶಿಕ್ಷಣದ ರಾಷ್ಟ್ರೀಯ ಕೇಂದ್ರವು 2003ರಲ್ಲಿ ಇನ್ನೊಂದು ಪಟ್ಟಿಯನ್ನು ಆರಂಭಿಸಿತು. ವಿಕಾಸವನ್ನು ಬೆಂಬಲಿಸುವ ಅದರ ಹೇಳಿಕೆಗೆ ಸ್ಟೀವ್, ಸ್ಟೀಫನ್, ಸ್ಟೆಫನಿ ಮುಂತಾಗಿ ಒಂದೇ ಮೂಲದ ಹೆಸರುಳ್ಳ ವಿಜ್ಞಾನಿಗಳು ಮಾತ್ರ ಸಹಿ ಹಾಕಬಹುದು. ಅಮೆರಿಕದ ಜನಸಂಖ್ಯೆಯಲ್ಲಿ ಇಂಥ ಹೆಸರಿನವರು ನೂರಕ್ಕೆ ಒಬ್ಬರಷ್ಟು. ಹಾಗಿದ್ದೂ ಸಹಿಗಳು 1,400 ದಾಟಿವೆ. ವಿಜ್ಞಾನದ ಸತ್ಯವು ಸಹಿಗಳಿಂದ ತೀರ್ಮಾನವಾಗುವುದಿಲ್ಲ ಎಂಬುದನ್ನು ಆ ಸಂಸ್ಥೆಯೇ ಒತ್ತಿ ಹೇಳಿದೆ. ಈ ಮಾತನ್ನು ಮಕ್ಕಳಿಗೆ ತಪ್ಪದೆ ತಿಳಿಸಿ.

ಪಟ್ಟಿಗಿಂತ ಸಮೀಕ್ಷೆ ಹೆಚ್ಚು ನಂಬಲರ್ಹ, ಏಕೆಂದರೆ ಅಲ್ಲಿ ತಾವಾಗಿ ಮುಂದೆ ಬಂದವರನ್ನಷ್ಟೇ ಎಣಿಸುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರವು 2009ರಲ್ಲಿ ಅಮೆರಿಕದ ವಿಜ್ಞಾನ ಮುನ್ನಡೆ ಸಂಘದ ಸದಸ್ಯರನ್ನು ಕೇಳಿದಾಗ, ಮನುಷ್ಯ ಮತ್ತು ಇತರ ಜೀವಿಗಳು ಕಾಲಾಂತರದಲ್ಲಿ ವಿಕಾಸಗೊಂಡಿವೆ ಎಂದವರು ಶೇಕಡಾ 97. ಅದೇ ವರ್ಷ ಅಲ್ಲಿನ ಸಾಮಾನ್ಯ ಜನರಲ್ಲಿ ಹಾಗೆಂದವರು ಶೇಕಡಾ 61. ಈ ವಿಜ್ಞಾನಿಗಳಲ್ಲಿ ಜೀವಶಾಸ್ತ್ರಜ್ಞರಲ್ಲದೆ ವೈದ್ಯರು, ರಸಾಯನಶಾಸ್ತ್ರಜ್ಞರು, ಎಂಜಿನಿಯರುಗಳೂ ಇದ್ದರು ಎಂಬುದನ್ನೂ, ಇದು ಅಮೆರಿಕದ ಸಂಖ್ಯೆ, ನಮ್ಮ ದೇಶದ್ದಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು.

ನಮ್ಮಲ್ಲಿಯೂ ದಾಖಲೆಗಳಿವೆ. ಕೇಂದ್ರದ ಸಚಿವರೊಬ್ಬರು ಡಾರ್ವಿನ್ ಸಿದ್ಧಾಂತ ತಪ್ಪೆಂದು 2018ರ ಜನವರಿಯಲ್ಲಿ ಹೇಳಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಆ ಮಾತನ್ನು ನಿರಾಕರಿಸಿದವು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟದ್ದನ್ನು ವಿರೋಧಿಸಿ 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಮತ್ತು ವಿಜ್ಞಾನಾಸಕ್ತರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಸಹಿ ಹಾಕಿದವರು ಯಾರು, ಯಾವ ಮಾತಿಗೆ ಎಂಬ ಪ್ರಶ್ನೆಗಳನ್ನು ಈ ಪತ್ರಕ್ಕೂ ಕೇಳಿಸಿ. ನಮಗೆ ಒಪ್ಪಿಗೆಯಾದ ಪಟ್ಟಿಗೆ ವಿನಾಯಿತಿ ಕೊಟ್ಟರೆ ಮಕ್ಕಳು ಅದನ್ನು ತಕ್ಷಣ ಗುರುತಿಸುತ್ತಾರೆ.

ಇಷ್ಟಕ್ಕೆ ನಿಲ್ಲಿಸಬಾರದು. ವಿಜ್ಞಾನಿಗಳು ಒಮ್ಮತಕ್ಕೆ ಬಂದದ್ದೇಕೆ ಎಂಬುದೇ ಪಾಠದ ತಿರುಳು. ನನ್ನ ಅಭಿಪ್ರಾಯದಲ್ಲಿ ಪೀರಿಯಡ್ಡಿನ ಅರ್ಧಕ್ಕಿಂತ ಹೆಚ್ಚು ಸಮಯ ಇದಕ್ಕೇ ಸಲ್ಲಬೇಕು. ಕಿಟಕಿಯಿಂದ ಚಾಮುಂಡಿ ಬೆಟ್ಟ ಕಾಣುವ ಶಾಲೆಯಾದರೆ ಅಲ್ಲಿಂದಲೇ ಆರಂಭಿಸಿ. ಆ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷಗಳಷ್ಟು ಹಳೆಯದು. ಸರಗೂರಿನ ಸುತ್ತಲಿನ ಪುರಾತನ ಶಿಲೆಗಳು 300 ಕೋಟಿ ವರ್ಷಗಳಿಗೂ ಹಿಂದಿನವು. ಈ ಅಂಕಿಗಳು ಬರುವುದು ವಿಕಿರಣಶೀಲ ಧಾತುಗಳ ಕ್ಷಯದಿಂದ: ಯುರೇನಿಯಂ-238ರಲ್ಲಿ ಅರ್ಧದಷ್ಟು ಕ್ಷಯಿಸಿ ಕೊನೆಗೆ ಸೀಸವಾಗಲು ಸುಮಾರು 447 ಕೋಟಿ ವರ್ಷಗಳು ಬೇಕು. ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕಾಶಿಲೆಗಳಲ್ಲಿದ್ದ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ತೋರಿಸಿದರು. ಇಂದಿನ ಅಂಕಿ ಅದಕ್ಕೆ ತೀರ ಹತ್ತಿರದಲ್ಲಿದೆ. ಇಂಗಾಲದ ಕಾಲಮಾಪನ ತಪ್ಪುತ್ತದೆ, ಆದ್ದರಿಂದ ಭೂಮಿಯ ವಯಸ್ಸೂ ತಪ್ಪು ಎಂಬ ವಾದ ಬಂದರೆ, ಇಂಗಾಲ-14ರ ಅರ್ಧಾಯು 5,730 ವರ್ಷವೆಂದೂ, ಸುಮಾರು ಐವತ್ತು ಸಾವಿರ ವರ್ಷಗಳಿಗಿಂತ ಹಳೆಯದಕ್ಕೆ ಅದನ್ನು ಬಳಸುವುದೇ ಇಲ್ಲವೆಂದೂ ವಿವರಿಸಿ.

ಜೀವಿಗಳ ಬದಲಾವಣೆಗೆ ಮಾನಸಗಂಗೋತ್ರಿಗಿಂತ ಸಮೀಪದ ಉದಾಹರಣೆ ಬೇಕಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣಿನ ನೊಣಗಳ ತಳಿಸಂಗ್ರಹ ಕೇಂದ್ರವಿದೆ. ಅಲ್ಲಿ ಎಚ್.ಎ. ರಂಗನಾಥ್ ಮತ್ತು ಸಂಗಡಿಗರು ಎಂಟು ವರ್ಣತಂತುಗಳಿರುವ ಡ್ರಾಸಾಫಿಲಾ ನಾಸುಟಾ ನಾಸುಟಾ ಎಂಬ ಹಣ್ಣಿನ ನೊಣವನ್ನು, ಆರು ವರ್ಣತಂತುಗಳಿರುವ ಅದರ ನಿಕಟ ಸಂಬಂಧಿ ಆಲ್ಬೊಮಿಕಾನ್ಸ್ ಜೊತೆ ಸಂಕರಗೊಳಿಸಿ, ಸಂತತಿಯನ್ನು ಅನೇಕ ತಲೆಮಾರುಗಳವರೆಗೆ ಬೆಳೆಸಿದರು. ಕೆಲವು ಸಾಲುಗಳಲ್ಲಿ ಎರಡೂ ಕಡೆಯ ವರ್ಣತಂತುಗಳು ಕೂಡಿಕೊಂಡ, ತಾಯಿತಂದೆ ತಳಿಗಳಲ್ಲಿ ಇಲ್ಲದ ಹೊಸ ಜೋಡಣೆಗಳು ನೆಲೆನಿಂತವು. ಇವನ್ನು ಸೈಟೋರೇಸ್‌ಗಳೆಂದು ಕರೆಯುತ್ತಾರೆ. ನೊಣ ನೊಣವಾಗಿಯೇ ಉಳಿಯಿತಲ್ಲ ಎಂದು ವಿದ್ಯಾರ್ಥಿ ಕೇಳಿದರೆ ಒಪ್ಪಿಕೊಳ್ಳಿ: ಈ ಪ್ರಯೋಗ ತೋರಿಸುವುದು ಹೊಸ ತಳಿಗಳು ರೂಪುಗೊಳ್ಳುವ ಮೊದಲ ಹಂತವನ್ನು ಮಾತ್ರ. ದೊಡ್ಡ ಬದಲಾವಣೆಗಳಿಗೆ ಪಳೆಯುಳಿಕೆಗಳೂ ಡಿಎನ್‌ಎ ಹೋಲಿಕೆಗಳೂ ಬೇರೆಯಾಗಿ ಸಾಕ್ಷ್ಯ ಕೊಡುತ್ತವೆ.

ನಮ್ಮ ಭಾಗದಲ್ಲಿ ಇನ್ನೊಂದು ಮಾತು ಬರುವುದುಂಟು. ಪುರಾಣದ ಒಂದು ಕಲ್ಪಕ್ಕೆ 432 ಕೋಟಿ ವರ್ಷ, ವಿಜ್ಞಾನದ ಲೆಕ್ಕವೂ ಅಷ್ಟೇ, ಆದ್ದರಿಂದ ಅದು ನಮ್ಮವರಿಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಈ ವಾದವನ್ನು ಗೌರವದಿಂದ, ಆದರೆ ಸ್ಪಷ್ಟವಾಗಿ ಎದುರಿಸಬೇಕು. ಕಲ್ಪವು ಯುಗಗಳ ಗಣಿತದಿಂದ ಬಂದ ಸಂಖ್ಯೆ, ಶಿಲೆಯನ್ನು ಅಳೆದು ಬಂದದ್ದಲ್ಲ. ಅದು ಬ್ರಹ್ಮನ ಒಂದು ಹಗಲಿನ ಅಳತೆಯೇ ಹೊರತು ಭೂಮಿ ಹುಟ್ಟಿ ಇಂದಿಗೆ ಎಷ್ಟಾಯಿತೆಂಬುದಲ್ಲ. ಅಷರ್ ಅವರ 4004ನ್ನು ಒಪ್ಪದಿರಲು ನಾವು ಕೊಡುವ ಕಾರಣ, ಅಂದರೆ ಅಳತೆಯ ಆಧಾರವಿಲ್ಲವೆಂಬುದು, ಇಲ್ಲಿಯೂ ಅಷ್ಟೇ ಅನ್ವಯಿಸುತ್ತದೆ.

ಕೊನೆಯದಾಗಿ, ಮನೆಯ ನಂಬಿಕೆಗೂ ಪಾಠಕ್ಕೂ ನಡುವೆ ಸಿಕ್ಕಿಕೊಂಡ ಮಗುವನ್ನು ಎಲ್ಲರೆದುರು ನಿಲ್ಲಿಸಿ ವಾದಕ್ಕೆ ಎಳೆಯಬಾರದು. ಆಧುನಿಕ ವಿಕಾಸವಾದದ ನಿರ್ಮಾತೃಗಳಲ್ಲಿ ಒಬ್ಬರಾದ ಥಿಯೊಡೋಸಿಯಸ್ ಡೊಬ್ಜಾನ್‌ಸ್ಕಿ ದೈವನಂಬಿಕೆಯುಳ್ಳವರಾಗಿದ್ದರು. ಮಾನವ ಜೀನೋಮ್ ಯೋಜನೆಯ ನೇತೃತ್ವ ವಹಿಸಿದ್ದ ಫ್ರಾನ್ಸಿಸ್ ಕಾಲಿನ್ಸ್ ಕ್ರೈಸ್ತ ಶ್ರದ್ಧೆಯನ್ನೂ ವಿಕಾಸವನ್ನೂ ಒಟ್ಟಿಗೆ ಒಪ್ಪಿದವರು. ಈ ಹೆಸರುಗಳನ್ನು ತಿಳಿಸಿದರೆ ಮಗುವಿನ ಆತಂಕ ಕಡಿಮೆಯಾಗುತ್ತದೆ. ಪರೀಕ್ಷೆಯಲ್ಲಿ “ವಿಕಾಸಕ್ಕೆ ಇರುವ ಸಾಕ್ಷ್ಯಗಳನ್ನು ವಿವರಿಸಿ” ಎಂದು ಕೇಳಿ. “ನೀನು ನಂಬುವೆಯಾ” ಎಂದು ಕೇಳಬೇಡಿ. ಅಂಕ ಕೊಡುವಾಗ ವಿವರಣೆ ಸರಿಯಿದೆಯೇ ಎಂಬುದನ್ನಷ್ಟೇ ನೋಡಿ.