ಕಾಡಿನ ಬೆಂಕಿಗೆ ಡಿಸೆಂಬರ್‌ನಿಂದಲೇ ತಯಾರಿ

ಚಿಕ್ಕಮಗಳೂರಿನ ಕಡೆ ಅರೇಬಿಕಾ ಕಾಫಿಯ ಕೊಯ್ಲು ಮುಗಿದು ಕಣದಲ್ಲಿ ರೊಬಸ್ಟಾ ಕಾಫಿ ಒಣಗುವ ಹೊತ್ತಿಗೆ, ಮುತ್ತೋಡಿ ಕಾಡಿನ ತೇಗದ ಮರಗಳು ಎಲೆ ಉದುರಿಸಿ ಬೋಳಾಗಿ ನಿಂತಿರುತ್ತವೆ. ಕಾಲಿಟ್ಟರೆ ಹಪ್ಪಳ ಮುರಿದಂಥ ಸದ್ದು. ಆ ಸದ್ದು ಕೇಳಿದಾಗೆಲ್ಲ ನನಗೆ ಎದೆ ಝಲ್ ಅನ್ನುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವವರೆಗೂ ಭದ್ರಾ ಹುಲಿ ಮೀಸಲು ಕಾಡಿನ ಅಂಚಿನಲ್ಲಿ ತೋಟ ಇರುವವರಿಗೆ ನೆಮ್ಮದಿಯ ನಿದ್ದೆ ಇಲ್ಲ. ಇಂಥ ಕಾಡಿಗೆ ಬೆಂಕಿ ಬೀಳದ ಹಾಗೆ ಏನು ಮಾಡುತ್ತಾರೆ, ಬಿದ್ದರೆ ಹೇಗೆ ಆರಿಸುತ್ತಾರೆ, ನಾವು ಎಲ್ಲಿ ಕೈ ಜೋಡಿಸಬಹುದು ಅಂತ ಒಂದೊಂದಾಗಿ ಹೇಳುತ್ತೇನೆ.

ಬಿದಿರಿಗೆ ಬಿದಿರು ಉಜ್ಜಿ ಕಾಳ್ಗಿಚ್ಚು ಹುಟ್ಟುತ್ತದೆ ಅಂತ ಚಿಕ್ಕಂದಿನಲ್ಲಿ ಎಲ್ಲರೂ ಕೇಳಿದ್ದೇವೆ, ಅಲ್ವಾ? ಅದನ್ನು ಮನಸ್ಸಿನಿಂದ ತೆಗೆದುಹಾಕಿ. ನಮ್ಮ ಕಾಡಿನ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರ ಕೈಯಿಂದಲೇ ಬರುವುದು. ಹೊಸ ಹುಲ್ಲು ಚಿಗುರಲಿ ಅಂತ ಗೀರಿದ ಕಡ್ಡಿ, ಎಸೆದ ಬೀಡಿ, ಬೆಟ್ಟ ಹತ್ತಲು ಬಂದವರ ಅಡುಗೆ ಒಲೆ, ತೋಟದ ಕಸಕ್ಕೆ ಹಚ್ಚಿ ಮರೆತ ಬೆಂಕಿ.

ಬೆಂಕಿ ರೇಖೆ

ಮುಖ್ಯ ಕೆಲಸ ಇದೇ, ಸುಡುವಂಥದ್ದು ಏನೂ ಇಲ್ಲದ ಪಟ್ಟಿ ಮಾಡಿಡುವುದು. ಹುಲ್ಲು ಇನ್ನೂ ಅರ್ಧ ಹಸಿ ಇರುವಾಗಲೇ, ಡಿಸೆಂಬರ್ ಸುಮಾರಿಗೆ ಶುರು ಮಾಡಬೇಕು. ಕಾಡಿನ ಗಡಿಯಲ್ಲಿ, ರಸ್ತೆಯ ಎರಡೂ ಬದಿಯಲ್ಲಿ ಲಂಟಾನ ಕಳೆಯ ಪೊದೆ ಸವರಿ, ಹುಲ್ಲು ಕೊಯ್ದು, ಅದನ್ನು ಅಲ್ಲೇ ಒಣಗಲು ಬಿಟ್ಟು, ಇಬ್ಬನಿ ಇರುವ ಬೆಳಗಿನ ಹೊತ್ತು ಅಥವಾ ಗಾಳಿ ಇಲ್ಲದ ಸಂಜೆ ಆಳು ನಿಲ್ಲಿಸಿಕೊಂಡು ಸುಡುತ್ತಾರೆ. ಸುಡಲು ಏನೂ ಇಲ್ಲದ ಪಟ್ಟಿ ಸಿಕ್ಕಿದರೆ ಬೆಂಕಿ ಅಲ್ಲೇ ನಿಲ್ಲುತ್ತದೆ. ಇಳಿಜಾರಿನಲ್ಲಿ, ಎತ್ತರದ ಹುಲ್ಲಿರುವ ಕಡೆ ಪಟ್ಟಿ ಜಾಸ್ತಿ ಅಗಲ ಬೇಕು.

ಒಂದು ಸಲ ಮಾಡಿ ಕೈ ತೊಳೆದುಕೊಂಡರೆ ಸಾಲದು. ತೇಗದ ಒಂದು ಎಲೆಯೇ ಊಟದ ಎಲೆಯಷ್ಟು ಅಗಲ ಇರುತ್ತದೆ, ಫೆಬ್ರವರಿಯಲ್ಲಿ ಅವು ಉದುರಿ ರೇಖೆಯನ್ನೇ ಮುಚ್ಚಿದರೆ ಬೆಂಕಿ ಅದರ ಮೇಲೇ ದಾಟಿ ಬರುತ್ತದೆ. ಅದಕ್ಕೇ ಕಾವಲುಗಾರರು ಎಲೆ ಊದಿ ಸರಿಸುವ ಯಂತ್ರ (ಲೀಫ್ ಬ್ಲೋವರ್) ಬೆನ್ನಿಗೆ ಕಟ್ಟಿಕೊಂಡು, ಅದಿಲ್ಲದ ಕಡೆ ಸೊಪ್ಪಿನ ಪೊರಕೆ ಹಿಡಿದು, ಮತ್ತೆ ಮತ್ತೆ ತರಗೆಲೆ ಗುಡಿಸುತ್ತಾರೆ.

ಇದನ್ನು ಕಾಡಿನೊಳಗೆ ನಾವಾಗಿ ಮಾಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಹಾಕುವುದು ಅಪರಾಧ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ವರ್ಷದ ಆರಂಭದಲ್ಲೇ ನೆಲದ ತರಗನ್ನು ಸಣ್ಣ ಬೆಂಕಿಯಲ್ಲಿ ಸುಡುತ್ತಿದ್ದರು, ಅದನ್ನು ತರಗು ಬೆಂಕಿ ಅನ್ನುತ್ತಾರೆ. ಅದು ನಿಂತ ಮೇಲೆ ಲಂಟಾನ ಹೆಚ್ಚಿತು ಅಂತ ಅವರೇ ಹೇಳುತ್ತಾರೆ. ಅವರ ಮಾತು ಕೇಳಲೇಬೇಕು ಅನ್ನುವವನು ನಾನು. ಆದರೆ ತಲೆಮಾರುಗಳ ಆ ತಿಳಿವಳಿಕೆ ಇಲ್ಲದೆ ನಾವು ಸುಮ್ನೆ ಕಡ್ಡಿ ಗೀರುವುದೇ ಬೇರೆ. ನಮ್ಮ ಕೆಲಸ ತೋಟದ ಬೇಲಿಯ ಈಚೆ: ಅಂಚು ಸವರಿಡಿ, ಕಸ ಸುಡುವ ಮೊದಲು ಅರಣ್ಯ ಇಲಾಖೆಯವರಿಗೆ ಒಂದು ಮಾತು ಹೇಳಿ.

ಹೊಗೆ ಕಂಡರೆ

ಬೆಂಕಿಯ ಬಿಸಿಯನ್ನು ಉಪಗ್ರಹ ಗುರುತಿಸುತ್ತದೆ, ಸಂದೇಶ ಸಿಬ್ಬಂದಿಯ ಮೊಬೈಲ್‌ಗೆ ಬರುತ್ತದೆ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ನಮ್ಮ ಮೇಲೆ ಹಾದುಹೋಗುವುದು. ಅಷ್ಟರಲ್ಲಿ ಒಂದು ಗುಡ್ಡ ಉರಿದು ಮುಗಿದಿರಬಹುದು. ನಿಮ್ಮ ಕಣ್ಣಿಗೆ ಮೊದಲು ಬಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಯಾವ ಗುಡ್ಡ, ಯಾವ ಮಗ್ಗುಲು, ಗಾಳಿ ಎತ್ತ ಬೀಸುತ್ತಿದೆ, ಹತ್ತಿರದ ದಾರಿ ಯಾವುದು, ಇಷ್ಟು ಹೇಳಿ.

ಆರಿಸುವ ಬಗೆ

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಯ ಹುಲ್ಲುಗುಡ್ಡಗಳಿಗೆ ನೀರಿನ ಗಾಡಿ ಹತ್ತುವುದಿಲ್ಲ. ಅಲ್ಲಿ ಆಯುಧ ಅಂದರೆ ಹಸಿ ಸೊಪ್ಪಿನ ಟೊಂಗೆ. ಅದನ್ನು ಎತ್ತಿ ಎತ್ತಿ ಬಾರಿಸಿದರೆ ಕಿಡಿ ಹಾರಿ ಇನ್ನೊಂದು ಕಡೆ ಹತ್ತಿಕೊಳ್ಳುತ್ತದೆ. ಉರಿಯ ಮೇಲೆ ಒತ್ತಿ, ಒಂದು ಕ್ಷಣ ಹಿಡಿದು, ಸುಟ್ಟ ನೆಲದ ಕಡೆಗೇ ಎಳೆಯಬೇಕು. ಹತ್ತಾರು ಜನ ಸಾಲಾಗಿ ಬದಿಯಿಂದ ಶುರು ಮಾಡುತ್ತಾರೆ, ಬೆಂಕಿಯ ಮೂತಿಗೆ ಎದುರಾಗಿ ಯಾರೂ ನಿಲ್ಲುವುದಿಲ್ಲ.

ಬೆಂಕಿ ಕೆಳಗಿದ್ದು ನೀವು ಮೇಲಿರಬಾರದು. ಇಳಿಜಾರು 10 ಡಿಗ್ರಿ ಹೆಚ್ಚಾದರೆ ಮೇಲಕ್ಕೇರುವ ಬೆಂಕಿಯ ವೇಗ ಸುಮಾರು ದುಪ್ಪಟ್ಟಾಗುತ್ತದೆ, ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆಗಲೇ ಸುಟ್ಟು ತಣ್ಣಗಾದ ನೆಲವೇ ಸುರಕ್ಷಿತ. ಹತ್ತಿ ಬಟ್ಟೆ ಇರಲಿ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. 2023ರ ಫೆಬ್ರವರಿಯಲ್ಲಿ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು. ಕೆಲಸ ಗೊತ್ತಿದ್ದವರಿಗೇ ಹೀಗಾಗುತ್ತದೆ. ಹಾಗಾಗಿ ಸಿಬ್ಬಂದಿ ಕರೆಯದೆ ನುಗ್ಗಬೇಡಿ. ಕರೆದರೆ ನೀರು, ಮಜ್ಜಿಗೆ, ಕತ್ತಿ, ಜೀಪು ತೆಗೆದುಕೊಂಡು ಹೋಗಿ. ಅದು ಸಣ್ಣ ಸಹಾಯ ಅಲ್ಲವೇ ಅಲ್ಲ.

ಉರಿ ಹೋಯಿತು ಅಂತ ಎಲ್ಲರೂ ಇಳಿದುಬಿಟ್ಟರೆ ಮಾತ್ರ ಕಷ್ಟ. ನಮ್ಮ ತೋಟದ ಆಚೆ ಒಮ್ಮೆ ಹಾಗೇ ಆಯಿತು. ರಾತ್ರಿಯೆಲ್ಲ ತೆಪ್ಪಗಿದ್ದ ಒಂದು ಮತ್ತಿ ಮರದ ದಿಮ್ಮಿ ಮಾರನೇ ದಿನ ಮಧ್ಯಾಹ್ನದ ಗಾಳಿಗೆ ಕೆಂಡವಾಗಿ, ಉರುಳಿ, ಕೆಳಗಿನ ಹುಲ್ಲಿಗೆ ತಾಗಿತು. ಅದಕ್ಕೇ ಸುಟ್ಟ ಜಾಗದ ಅಂಚಿನುದ್ದಕ್ಕೂ ನಡೆದು, ಬಿದಿರು ಮೆಳೆ, ಒಣ ಬೊಡ್ಡೆ, ಬೇರು ಒಂದೊಂದನ್ನೂ ಅಂಗೈಯ ಹಿಂಬದಿ ಹತ್ತಿರ ಹಿಡಿದು ನೋಡಬೇಕು. ಬಿಸಿ ಬಡಿದರೆ ಅಗೆದು ಮಣ್ಣು ಬೆರೆಸಿ ಕಲಸಬೇಕು. ಇಳಿಜಾರಿನ ದಿಮ್ಮಿಯನ್ನು ಅಡ್ಡಕ್ಕೆ ತಿರುಗಿಸಿ ಕಲ್ಲು ಕೊಡಬೇಕು. ಮರುದಿನ ಸಂಜೆವರೆಗೂ ಇಬ್ಬರಾದರೂ ಕಾವಲು ಕೂರಬೇಕು.

ಬೆಂಕಿ ಆದ ಮೇಲೆ ಕರಿ ಗುಡ್ಡ ನೋಡಿ ಮರುಗಿ, ಗಿಡ ನೆಡೋಣ ಅಂತ ಜನ ಗುಂಡಿ ತೋಡಲು ಬರುತ್ತಾರೆ. ದಯವಿಟ್ಟು ಬೇಡ. ಹುಲ್ಲಿನ ಬುಡ ಮಣ್ಣೊಳಗೆ ಜೀವ ಹಿಡಿದಿರುತ್ತದೆ, ಎರಡು ಮಳೆ ಬಿದ್ದರೆ ತಾನೇ ಚಿಗುರುತ್ತದೆ. ನೋಡಬೇಕಾದ್ದು ಹುಲ್ಲುಗುಡ್ಡಗಳ ನಡುವಿನ ಕಣಿವೆಯಲ್ಲಿರುವ, ಶೋಲಾ ಅನ್ನುವ ನಿತ್ಯಹಸಿರು ಕಾಡಿನ ಅಂಚನ್ನು. ಅಲ್ಲಿನ ಮರಗಳು ಬೆಂಕಿ ತಡೆಯುವುದಿಲ್ಲ, ಒಮ್ಮೆ ಸುಟ್ಟ ಅಂಚು ಬೇಗ ಹಿಂದಕ್ಕೆ ಬರುವುದಿಲ್ಲ. ಮುಂದಿನ ಡಿಸೆಂಬರ್‌ನಲ್ಲಿ ರೇಖೆ ಎಳೆಯುವಾಗ ಮೊದಲು ಕತ್ತಿ ಹಾಕಬೇಕಾದ್ದು ಆ ಅಂಚಿನ ಹುಲ್ಲಿಗೆ.